ಬೀಗರ ಸೋಫಾ ಹಿಂದಕ್ಕೆ ಸರಿಯಿತು

ಮದುವೆ ಊಟ ಮುಗಿಸಿ ಮನೆಗೆ ಬಂದ ಮೇಲೆ ಎರಡು ದಿನ ಕಿವಿ ಗುಂಯ್‌ಗುಡುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಪಾಯಸ ಚೆನ್ನಾಗಿತ್ತೇ ಎಂದು ಕೇಳಿದರೆ "ಆಂ?" ಎನ್ನುತ್ತೇವೆ. ಹುಡುಗ ಏನು ಕೆಲಸದಲ್ಲಿದ್ದಾನೆ ಎಂದರೆ ಅದಕ್ಕೂ "ಆಂ?" ಎನ್ನುತ್ತೇವೆ. ಮೂರನೇ ದಿನಕ್ಕೆ ಗುಂಯ್ ನಿಲ್ಲುತ್ತದೆ, ನಾವೂ ಮರೆತುಬಿಡುತ್ತೇವೆ. ಪಾಂಡವಪುರದ ಕೃಷ್ಣಾಚಾರಿಯೂ ಹಾಗೆಯೇ ಮರೆಯುತ್ತಿದ್ದ. ಅವನಂತೂ ಮರೆಯಬಾರದಿತ್ತು, ಏಕೆಂದರೆ ಅವನಿಗೆ ಅನ್ನ ಹಾಕುತ್ತಿದ್ದದ್ದೇ ಕಿವಿ.

ಕೃಷ್ಣಾಚಾರಿಯ ಅಪ್ಪ ಕುಲುಮೆಯಲ್ಲಿ ಕೂತು ನೇಗಿಲ ಗುಳ ಬಡಿದವರು. ಅದೇ ಜಾಗದಲ್ಲಿ ಈಗ ಮಗನ ಟ್ರಾಕ್ಟರ್ ಗ್ಯಾರೇಜು. ಯಾರಾದರೂ ಟ್ರಾಕ್ಟರ್ ತಂದು ನಿಲ್ಲಿಸಿದರೆ ಕೃಷ್ಣಾಚಾರಿ ಮೊದಲು ಸ್ಪ್ಯಾನರ್ ಮುಟ್ಟುವುದಿಲ್ಲ. ಇಂಜಿನ್ ಓಡಲು ಬಿಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತುತ್ತಾನೆ. ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚುತ್ತಾನೆ. ಒಂದು ನಿಮಿಷ ಯಾರೂ ಮಾತಾಡಬಾರದು. ಆಮೇಲೆ ಕಣ್ಣು ಬಿಟ್ಟು "ವಾಟರ್ ಪಂಪಿನ ಬೇರಿಂಗ್ ಓಯ್ತಾ ಅದೆ ಗೌಡ್ರೇ, ಇನ್ನೊಂದು ವಾರ ಬಂದ್ರೆ ಹೆಚ್ಚು" ಎನ್ನುತ್ತಾನೆ. ಬಿಚ್ಚಿ ನೋಡಿದರೆ ಅವನು ಹೇಳಿದ್ದೇ ಇರುತ್ತದೆ. ಶ್ರೀರಂಗಪಟ್ಟಣದ ಕಡೆಯಿಂದಲೂ ಕೆ.ಆರ್. ಪೇಟೆ ಕಡೆಯಿಂದಲೂ ಜನ ಟ್ರಾಕ್ಟರ್ ತರುತ್ತಿದ್ದರು. ಇಂಜಿನ್ ಡಾಕ್ಟ್ರು ಎಂದು ಕರೆದರೆ ಅವನು ಬೇಡ ಎನ್ನುತ್ತಿರಲಿಲ್ಲ. ಒಳಗೊಳಗೇ ಉಬ್ಬಿಹೋಗುತ್ತಿದ್ದ.

ಈ ಚೈತ್ರದಲ್ಲಿ ಕೆ.ಆರ್. ಪೇಟೆಯಲ್ಲಿ ಅವನ ತಂಗಿಯ ಮಗಳು ಸ್ನೇಹಳ ಮದುವೆಯಾಯಿತು. ಹಿಂದಿನ ಸಂಜೆ ಕಲ್ಯಾಣ ಮಂಟಪದಲ್ಲಿ ರಿಸೆಪ್ಷನ್ನು, ಡಿ.ಜೆ. ಕೃಷ್ಣಾಚಾರಿ ಹುಡುಗಿಯ ಸೋದರಮಾವ. ಸೋದರಮಾವ ಎಂದ ಮೇಲೆ ಕೇಳಬೇಕೇ? ಕೈ ಹಿಡಿದು ಕರೆದುಕೊಂಡು ಹೋಗಿ ಎಲ್ಲರಿಗಿಂತ ಮುಂದಿನ ಸೋಫಾದಲ್ಲಿ ಕೂರಿಸಿದರು. ಸೋಫಾದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಆಳೆತ್ತರಕ್ಕೆ ಪೇರಿಸಿದ ಸ್ಪೀಕರ್ ಬಾಕ್ಸುಗಳು. ಹಾಡು ಶುರುವಾದಾಗ ಅವನ ಅಂಗಿಯ ಜೇಬು ನಡುಗಿತು. ಪಕ್ಕದಲ್ಲಿ ಹೆಂಡತಿ ನಾಗಲಕ್ಷ್ಮಮ್ಮ ಸೆರಗಿನಿಂದ ಕಿವಿ ಮುಚ್ಚಿಕೊಂಡು ಸನ್ನೆಯಲ್ಲೇ "ಏಳ್ರೀ, ಆಚೆ ಓಗನ" ಎಂದಳು. ಇವನು ತಲೆಯಾಡಿಸಿ ಬೇಡವೆಂದ. ಸೋದರಮಾವ ಎದ್ದು ಹೊರಗೆ ಹೋದ ಎಂದರೆ ತಂಗಿಗೆ ಏನನ್ನಿಸೀತು? ಮರ್ಯಾದೆ ಕೊಟ್ಟು ಕೂರಿಸಿದ್ದಾರೆ, ಮರ್ಯಾದೆಯಿಂದ ಕೂರಬೇಕು. ಹೀಗೆ ಮೂರು ಗಂಟೆ ಕೂತ.

ಧಾರೆಯನ್ನೂ ಮುಗಿಸಿಕೊಂಡು ಊರಿಗೆ ಬಂದ ಮೇಲೂ ಕಿವಿಯೊಳಗೆ ಜೀರುಂಡೆ ಹೊಕ್ಕಂತೆ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಹತ್ತಿ ತುರುಕಿದ ಹಾಗೆ ಮಾತೆಲ್ಲ ಮಂಕಾಗಿ ಕೇಳುತ್ತಿತ್ತು. ಮದುವೆ ಎಂದರೆ ಇದೆಲ್ಲ ಇದ್ದದ್ದೇ ಎಂದುಕೊಂಡು ಅವನು ಗ್ಯಾರೇಜಿನ ಬಾಗಿಲು ತೆಗೆದ.

ಮೂರನೇ ದಿನ ಬೆಳಗೊಳದ ಚಲುವರಾಜು ತನ್ನ ಟ್ರಾಕ್ಟರ್ ತಂದ. ಅವನು ಕಬ್ಬು ಬೆಳೆಯುವ ರೈತ, ಹತ್ತು ವರ್ಷದಿಂದ ಈ ಗ್ಯಾರೇಜಿನ ಗಿರಾಕಿ.

"ಮುಂದುಗಡೆ ಏನೋ ಸಣ್ಣಗೆ ಕುಂಯ್ ಅಂತದೆ ಆಚಾರ್ರೇ. ಕಬ್ಬು ಹೇರೋಕ್ ಮುಂಚೆ ಒಂದ್ಸಲ ನೋಡ್ಬುಡಿ."

ಕೃಷ್ಣಾಚಾರಿ ಸ್ಕ್ರೂಡ್ರೈವರ್ ಒತ್ತಿ ಕಣ್ಣು ಮುಚ್ಚಿದ. ಇಂಜಿನ್ನಿನ ದಪ್ಪ ಸದ್ದು ಕೇಳಿತು. ಅದರ ಮೇಲೆ ಬೇರೆ ಏನೂ ಕೇಳಲಿಲ್ಲ. ಇನ್ನೊಂದು ಕಡೆ ಇಟ್ಟು ನೋಡಿದ. ಅಲ್ಲೂ ಏನಿಲ್ಲ.

"ಏನೂ ಇಲ್ಲ ಬುಡಿ ಗೌಡ್ರೇ. ಧೈರ್ಯವಾಗಿ ಓಡ್ಸಿ."

ನಾಲ್ಕು ದಿನ ಕಳೆದ ಮೇಲೆ ಕಬ್ಬಿನ ಲೋಡು ಎಳೆಯುತ್ತಿದ್ದಾಗ ಆ ಟ್ರಾಕ್ಟರಿನ ವಾಟರ್ ಪಂಪು ಜಾಮ್ ಆಯಿತು. ಇಂಜಿನ್ ಕಾದು ಹೊಗೆ ಬಂದು ನಡುರಸ್ತೆಯಲ್ಲಿ ನಿಂತಿತು. ಪಂಪಿನ ಬೇರಿಂಗ್ ಪುಡಿಯಾಗಿತ್ತು. ಚಲುವರಾಜು ಗ್ಯಾರೇಜಿಗೆ ಬಂದು ಕೂಗಾಡಲಿಲ್ಲ. ಬೆಂಚಿನ ಮೇಲೆ ಕೂತು, ಟೀ ಕುಡಿದು, ಮೆಲ್ಲಗೆ ಕೇಳಿದ.

"ಬೇಜಾರು ಮಾಡ್ಕಬೇಡಿ ಆಚಾರ್ರೇ. ಆ ಸದ್ದು ನಂಗೂ ಕೇಳಿಸ್ತಿತ್ತು, ನಮ್ಮನೆ ಹೆಂಗಸ್ರಿಗೂ ಕೇಳಿಸ್ತಿತ್ತು. ನಿಮ್ಗೆ ಕೇಳಿಸ್ನಿಲ್ವಾ?"

ಬೈದಿದ್ದರೆ ವಾಸಿಯಿತ್ತು. ಕೃಷ್ಣಾಚಾರಿ ಪಂಪನ್ನು ತಾನೇ ಹಾಕಿಕೊಟ್ಟ, ಕೈಮುಗಿದು ಕಳಿಸಿದ. ಆ ದಿನ ಅವನಿಗೆ ಊಟ ಸೇರಲಿಲ್ಲ. ಐವತ್ತೆರಡು ವರ್ಷಕ್ಕೆ ಕಿವಿ ಹೋದರೆ ಮುಂದೇನು ಗತಿ ಎಂಬ ಹೆದರಿಕೆ ಅವನನ್ನು ಹಿಡಿದುಬಿಟ್ಟಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ.

ಹೆಂಡತಿಗೆ ಮಾತ್ರ ಹೇಳದೆಯೇ ಗೊತ್ತಾಗಿತ್ತು. ಮರುದಿನ ಬೆಳಿಗ್ಗೆ ಅವಳು ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ, ಅವನನ್ನು ಜಗಲಿಯ ಮೇಲೆ ಒಂದು ಮಗ್ಗುಲಾಗಿ ಮಲಗಿಸಿ ಚಮಚ ಹಿಡಿದಳು. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ರಂಜಿತ ಗೇಟು ತೆಗೆದು ಒಳಗೆ ಬಂದಳು. ಬೀದಿಯಲ್ಲಿ ಬಿ.ಪಿ., ಶುಗರ್ ಇದ್ದವರ ಪಟ್ಟಿ ಬರೆಯಲು ಬಂದಿದ್ದವಳು ಚಮಚ ಕಂಡು ಅಲ್ಲಿಂದಲೇ ಕೂಗಿದಳು.

"ಅಯ್ಯೋ, ತಡೀರಿ ಅಕ್ಕಾ! ಅದೇನು ಕಿವೀನಾ, ಒಗ್ಗರಣೆ ಬಾಂಡ್ಲಿನಾ?"

"ಕಿವಿ ಗುಂಯ್ ಅಂತದಂತೆ ಕಣಮ್ಮ. ನಮ್ಮವ್ವ ಇಂಗೇ ಬುಡೋರು" ಎಂದಳು ನಾಗಲಕ್ಷ್ಮಮ್ಮ.

"ನಮ್ಮವ್ವನೂ ಬುಡೋರು. ಬುಡಬಾರ್ದು. ಒಳಗಡೆ ತಮಟೆ ತೂತಾಗಿದ್ರೆ ಎಣ್ಣೆ ಒಳಕ್ಕೋಗಿ ಕೀವಾಯ್ತದೆ. ಎಣ್ಣೆನೂ ಬೇಡ, ಕಡ್ಡಿನೂ ಬೇಡ, ಪಿನ್ನೂ ಬೇಡ. ಕೃಷ್ಣಣ್ಣ, ಎದ್ ಕೂತ್ಕಳಿ. ಯಾವಾಗಿಂದ ಇಂಗೆ?"

ಕೃಷ್ಣಾಚಾರಿ ಎದ್ದು ಕೂತ. ಅವಳಿಗೆ ಅರ್ಧ ಹೇಳಿದ, ಇನ್ನರ್ಧವನ್ನು ಹೆಂಡತಿ ಹೇಳಿದಳು. ರಂಜಿತ ಅವನ ಹಿಂದೆ ನಿಂತು ಕಿವಿಯ ಹತ್ತಿರ ಎರಡು ಬೆರಳುಗಳನ್ನು ಮೆಲ್ಲಗೆ ಉಜ್ಜಿದಳು.

"ಕೇಳಿಸ್ತಾ?"

"ಏನು?"

"ಈಗ?"

"ಏನಮ್ಮಾ ಮಾಡ್ತಿದ್ದೀಯ ಹಿಂದೆ ನಿಂತ್ಕಂಡು?"

ರಂಜಿತ ನಗಲಿಲ್ಲ. "ಗುಂಯ್ ಅನ್ನೋದು ಕಿವಿ ಕೂಗ್ಕೊಳ್ಳೋದು ಕಣಣ್ಣ, ಸಾಕು ಬುಡಪ್ಪಾ ಅಂತ. ಒಂದು ದಿನಕ್ಕೆ ನಿಲ್ನಿಲ್ಲ ಅಂದ್ರೆ ತೋರ್ಸಬೇಕು. ನೀವು ಒಂದು ವಾರ ಸುಮ್ನೆ ಕೂತಿದ್ದೀರಿ. ನಾಳೆನೇ ಮಂಡ್ಯದ ದೊಡ್ಡಾಸ್ಪತ್ರೆಗೆ ನಡೀರಿ."

"ಗುಂಯ್ ಅನ್ನೋದು ಕಮ್ಮಿಯಾಗದೆ ಬುಡು ರಂಜಿತ. ಇನ್ನು ಹದ್ನೈದು ದಿನಕ್ಕೆ ಮಗಳ ಮದ್ವೆ ಅದೆ. ಆಸ್ಪತ್ರೆ ಸುತ್ತೋಕೆ ನಂಗೆಲ್ಲಿ ಪುರುಸೊತ್ತು?"

"ಮದ್ವೆಲೂ ಡಿ.ಜೆ. ಅದೆ ಅಲ್ವಾ?"

"ಅದೆ. ಗಂಡಿನ ಕಡೆ ಹುಡುಗ್ರು ಮಾತಾಡವ್ರೆ."

"ಅಂಗಾದ್ರೆ ಇವತ್ತೇ ನಡೀರಿ" ಎಂದಳು ರಂಜಿತ.

ಮಂಡ್ಯದಲ್ಲಿ ಕಿವಿ ಪರೀಕ್ಷೆ ಮಾಡುವ ಸಂಘಮಿತ್ರಾ ಮೇಡಂ ಅವನನ್ನು ಸದ್ದು ಬಾರದ ಸಣ್ಣ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ದಪ್ಪ ಸದ್ದುಗಳಿಗೆ ಕೃಷ್ಣಾಚಾರಿ ಟಕ್ಕನೆ ಒತ್ತಿದ. ಸಣ್ಣ, ಕೀಚಲು ಸದ್ದುಗಳ ಹೊತ್ತಿಗೆ ಅವನ ಬೆರಳು ಸುಮ್ಮನೆ ಕೂತಿತ್ತು. ಗಾಜಿನಾಚೆ ಮೇಡಂ ಮುಖ ನೋಡಿ, ಈಗ ಏನೋ ಸದ್ದು ಬರುತ್ತಿರಬೇಕು ಎಂದು ಊಹಿಸಿ ಒಂದೆರಡು ಸಲ ಸುಳ್ಳೇ ಒತ್ತಿದ್ದೂ ಉಂಟು. ಮೇಡಂ ಅದನ್ನು ಕಂಡುಹಿಡಿದು ನಕ್ಕರು.

ಆಮೇಲೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಗೆರೆ ನೆಟ್ಟಗೆ ಹೋಗುತ್ತಿದ್ದು ಒಂದು ಕಡೆ ಗುಂಡಿಗೆ ಇಳಿದಿತ್ತು.

"ನೋಡಿ ಆಚಾರ್ರೇ, ಕಿವಿಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಿರುತ್ತವೆ. ರಾಗಿ ಪೈರು ಇದ್ದ ಹಾಗೆ ಅಂದ್ಕೊಳ್ಳಿ. ಒಂದು ಸಲ ತುಳಿದರೆ ಬಾಗಿ ಮತ್ತೆ ಎದ್ದು ನಿಲ್ಲುತ್ತದೆ. ತುಳಿದ ಜಾಗದಲ್ಲೇ ತುಳೀತಾ ಇದ್ದರೆ ಏಳುವುದಿಲ್ಲ. ದೊಡ್ಡ ಸದ್ದು ಹಾಗೆಯೇ ತುಳಿಯುತ್ತದೆ. ನೀವು ಬರೀ ಆ ಒಂದು ಮದುವೆಗೆ ಹೋದವರಲ್ಲ, ಅಲ್ವಾ?"

ಕೃಷ್ಣಾಚಾರಿ ಬೆರಳು ಮಡಿಸಿ ಎಣಿಸಿದ. ಹೋದ ವರ್ಷ ಗಣೇಶನ ಮೆರವಣಿಗೆ, ಊರಿನಲ್ಲಿ ಆರ್ಕೆಸ್ಟ್ರಾ, ಆರು ಮದುವೆ. ಗ್ಯಾರೇಜಿನಲ್ಲಿ ದಿನಾ ಗ್ರೈಂಡರ್ ಮೆಷಿನ್ ಬೇರೆ.

"ಇದಕ್ಕೆ ಮಾತ್ರೆ ಏನಾದ್ರೂ ಬರ್ಕೊಡಿ ಮೇಡಂ."

"ಹೋದದ್ದನ್ನ ವಾಪಸ್ ತರುವ ಮಾತ್ರೆ ಇಲ್ಲ. ಆದರೆ ನಿಮ್ಮದು ಸ್ವಲ್ಪವೇ ಹೋಗಿರೋದು. ಉಳಿದದ್ದು ಬೇಕಾದಷ್ಟಿದೆ. ಅದನ್ನ ಇಲ್ಲಿಗೇ ನಿಲ್ಲಿಸಿಕೊಂಡರೆ ಗ್ಯಾರೇಜು ನಡೆಸಬಹುದು. ಇದೇ ಥರ ಸದ್ದಿನ ಮುಂದೆ ಕೂರ್ತಾ ಹೋದರೆ ಬೇರಿಂಗು ಮಾತ್ರ ಅಲ್ಲ, ಹೆಂಗಸರು ಮಕ್ಕಳು ಮೆಲ್ಲಗೆ ಆಡುವ ಮಾತೂ ಕೇಳಿಸುವುದಿಲ್ಲ. ಮೊದಲು ಹೋಗುವುದು ಅದೇ."

ಮೇಡಂ ಮೇಜಿನ ಮೇಲೆ ಕಿತ್ತಳೆ ಬಣ್ಣದ ಎರಡು ಪುಟ್ಟ ಮೆತ್ತನೆಯ ತುಂಡು ಇಟ್ಟರು. ಇಯರ್ ಪ್ಲಗ್ಗು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಿವಿಬೆಂಡು. ಮೆಡಿಕಲ್ ಸ್ಟೋರಿನಲ್ಲಿ ಒಂದು ಟೀ, ಬನ್ನಿನ ಖರ್ಚಿಗೆ ಒಂದು ಜೊತೆ ಸಿಗುತ್ತದೆ ಎಂದರು.

ಕೃಷ್ಣಾಚಾರಿಗೆ ಅದನ್ನು ನೋಡಿಯೇ ನಾಚಿಕೆಯಾಯಿತು. ರಂಜಿತ ಅಂಗಡಿಯಲ್ಲಿ ಕೊಡಿಸಿದ ಎರಡು ಜೊತೆಯನ್ನು ಬಸ್ಸಿನಲ್ಲಿ ಊರಿಗೆ ಬರುವವರೆಗೂ ಜೇಬಿನಿಂದ ಹೊರಗೆ ತೆಗೆಯಲಿಲ್ಲ. ಮನೆಗೆ ಬಂದು ಹೆಂಡತಿ ಮಗಳ ಮುಂದೆ ಮಾತಿಗೆ ಕೂತ. ಜೊತೆಗೆ ಬಂದಿದ್ದ ರಂಜಿತ ಕಾಫಿ ಕುಡಿಯುತ್ತಿದ್ದಳು.

"ಮಗಳ ಮದ್ವೇಲಿ ನಾನು ಕಿವಿಗೆ ಬೆಂಡು ಗಿಡ್ಕಂಡು ಕೂತ್ಕಂಡ್ರೆ ಬೀಗ್ರು ಏನನ್ಕಂತಾರೆ? ನಮ್ಮ ಮಾತು ಕೇಳೋಕೆ ಇಷ್ಟ ಇಲ್ಲ ಇವ್ನಿಗೆ ಅನ್ಕಳಲ್ವಾ? ಅದೂ ಅಲ್ದೆ ಇದ್ನ ಆಕ್ಕಂಡ್ರೆ ಕೆಪ್ಪನಂಗೆ ಕೂತಿರಬೇಕು. ಬೇಕಾದ್ರೆ ಒಂಚೂರು ಹತ್ತಿ ಇಟ್ಕತೀನಿ ಬುಡು."

"ಹತ್ತಿ ಸದ್ದು ತಡಿಯಲ್ಲ ಕೃಷ್ಣಣ್ಣ. ಜರಡೀಲಿ ನೀರು ಹಿಡಿದಂಗೆ. ಬನ್ನಿ, ಒಂದ್ಸಲ ಇದ್ನ ಆಕಿ ನೋಡನ. ಆಮೇಲೆ ಬೇಡ ಅನ್ನಿ."

ಅವನು ಒಂದು ಬೆಂಡನ್ನು ಹಾಗೆಯೇ ಕಿವಿಗೆ ಒತ್ತಿದ. ಅದು ಪುಟಿದು ಕಾಫಿ ಲೋಟಕ್ಕೆ ಬಿತ್ತು. ಮಗಳು ಹರ್ಷಿತ ನಕ್ಕು ಇನ್ನೊಂದು ಜೊತೆ ತೆಗೆದುಕೊಟ್ಟಳು.

"ಅಂಗಲ್ಲ" ಎಂದಳು ರಂಜಿತ. "ಮೊದ್ಲು ಕೈ ತೊಳ್ಕಳಿ. ಗ್ರೀಸ್ ಕೈಲಿ ಮುಟ್ಟಬೇಡಿ. ಈಗ ಬೆರಳಲ್ಲಿ ಊದಿನಕಡ್ಡಿ ಹೊಸೆದಂಗೆ ಹೊಸೀರಿ, ಸಣ್ಣಕ್ಕಾಗ್ಲಿ. ಇನ್ನೊಂದು ಕೈನ ತಲೆ ಮೇಲಿಂದ ತಂದು ಕಿವಿನ ಮೇಲಕ್ಕೆ, ಹಿಂದಕ್ಕೆ ಎಳೀರಿ. ಆಂ, ಅಂಗೆ. ಈಗ ಬೆಂಡು ಒಳಕ್ಕೆ ಬುಡಿ. ಬೆರಳು ತೆಗೀಬೇಡಿ, ಮೂವತ್ತರವರ್ಗೂ ಎಣಿಸಿ. ಅದು ಒಳಗೇ ಉಬ್ಬಿ ಕೂತ್ಕತದೆ."

ಎರಡೂ ಕಿವಿಗೆ ಹಾಕಿಕೊಂಡ ಮೇಲೆ ಅವನು ಗ್ಯಾರೇಜಿಗೆ ಹೋಗಿ ಗ್ರೈಂಡರ್ ಹಾಕಿದ. ತಲೆಯೊಳಗೆ ಕೊರೆಯುತ್ತಿದ್ದ ಸದ್ದು ಈಗ ಪಕ್ಕದ ಬೀದಿಯಿಂದ ಬಂದಂತೆ ಕೇಳಿತು. ಕೆಪ್ಪನಾಗಲಿಲ್ಲ. ಬಾಗಿಲಲ್ಲಿ ನಿಂತ ಹೆಂಡತಿಯ ಮಾತೂ ಕೇಳುತ್ತಿತ್ತು.

"ನಾನು ಬೈಯೋದೂ ಕೇಳಿಸ್ತದಾ?"

"ನೀನು ಬೈಯೋದನ್ನ ತಡಿಯೋ ಬೆಂಡು ಇನ್ನೂ ಬಂದಿಲ್ಲ ಕಣಮ್ಮಿ."

ಅಲ್ಲಿಗೆ ಬೆಂಡಿನ ವ್ಯಾಜ್ಯ ಮುಗಿಯಿತು. ಆದರೆ ರಂಜಿತ ಹೋಗುವಾಗ ಇನ್ನೊಂದು ಮಾತು ಹೇಳಿದಳು. "ಬೆಂಡು ಅರ್ಧ ಕೆಲ್ಸ ಮಾಡ್ತದೆ ಅಣ್ಣ. ಇನ್ನರ್ಧ ದೂರ ಮಾಡ್ತದೆ. ಬಾಕ್ಸಿನ ಮುಂದೆ ಸೋಫಾ ಆಕಬೇಡಿ. ಹಾಲಿನ ಮಧ್ಯಕ್ಕೆ ಆಕ್ಸಿ."

ಕೃಷ್ಣಾಚಾರಿ ಎರಡೂ ಕೈ ಮೇಲೆತ್ತಿದ. "ಅದೊಂದು ಆಗದ ಮಾತು. ಬೀಗ್ರನ್ನ ಹಿಂದ್ಕೆ ಕೂರ್ಸದಾ? ನಾಗಮಂಗಲದಿಂದ ದಿಬ್ಬಣ ಬತ್ತದೆ. ಹೆಣ್ಣು ಕೊಡೋರು ನಾವು. ಮುಂದಿನ ಸೋಫಾ ಕೊಡ್ನಿಲ್ಲ ಅಂತ ಹತ್ತು ವರ್ಷ ಆಡ್ಕತಾರೆ. ಆಮೇಲೆ ನನ್ ಮಗಳು ಅವ್ರ ಮನೇಲಿ ಬಾಳಬೇಕು."

"ನಾನು ಶಿವುಗೆ ಫೋನ್ ಮಾಡಿ ಹೇಳ್ಲಾ ಅಪ್ಪ?" ಎಂದಳು ಹರ್ಷಿತ. ಶಿವು ಅವಳು ಮದುವೆಯಾಗಲಿದ್ದ ಹುಡುಗ.

"ಬಾಯ್ಮುಚ್ಕಂಡಿರು" ಎಂದ ಕೃಷ್ಣಾಚಾರಿ. ಮಗಳ ಮುಖ ಸಣ್ಣದಾದದ್ದು ಕಂಡು ಸ್ವಲ್ಪ ಇಳಿದ. "ಬಂದೋರಿಗೆಲ್ಲ ಬೆಂಡು ಕೊಡನ. ಆದ್ರೆ ಸೋಫಾ ತಂಟೆಗೆ ಓಗಬೇಡ."

ರಿಸೆಪ್ಷನ್ನಿನ ಸಂಜೆ ಮಂಟಪದ ಬಾಗಿಲಲ್ಲಿ ಪನ್ನೀರು, ಕಲ್ಲುಸಕ್ಕರೆ, ಹೂವಿನ ತಟ್ಟೆಗಳ ಪಕ್ಕದಲ್ಲಿ ಇನ್ನೊಂದು ತಟ್ಟೆಯಲ್ಲಿ ಕಿತ್ತಳೆ ಬಣ್ಣದ ಬೆಂಡುಗಳಿದ್ದವು, ಜೊತೆಜೊತೆಯಾಗಿ ಪೊಟ್ಟಣದಲ್ಲಿ. ಅದೆಲ್ಲ ಹರ್ಷಿತಳ ಏರ್ಪಾಡು. ರಂಜಿತ ರೇಷ್ಮೆ ಸೀರೆಯುಟ್ಟು ಅಲ್ಲೇ ನಿಂತು ಹಾಕಿಕೊಳ್ಳುವುದನ್ನು ಕಲಿಸುತ್ತಿದ್ದಳು. ಮೊದಲು ಬಂದ ಹಿರಿಯರೊಬ್ಬರು ಪೊಟ್ಟಣ ಹರಿದು ಬೆಂಡನ್ನು ಪೆಪ್ಪರ್‌ಮೆಂಟಿನಂತೆ ಬಾಯಿಗೆ ಹಾಕಿಕೊಂಡರು. ಎರಡು ಸಲ ಅಗಿದು, "ಏನವ್ವಾ, ಸಕ್ಕರೆ ಕಮ್ಮಿ ಆಕವ್ರೆ" ಎಂದರು. ಅಲ್ಲಿಂದಾಚೆಗೆ ರಂಜಿತ ತಟ್ಟೆಯನ್ನು ಕಲ್ಲುಸಕ್ಕರೆಯಿಂದ ದೂರ ಇಟ್ಟುಕೊಂಡಳು. ಸಣ್ಣ ಮಕ್ಕಳ ಕೈಗೆ ಮಾತ್ರ ಬೆಂಡು ಕೊಡಲಿಲ್ಲ. ನುಂಗಿಬಿಟ್ಟರೆ ಏನು ಗತಿ?

ಹುಡುಗರು ಮೊದಲು ನಕ್ಕರು. ಆಮೇಲೆ ಒಬ್ಬ ಹಾಕಿಕೊಂಡು ಸ್ಟೈಲಾಗಿದೆ ಎಂದ. ಮತ್ತೆ ಎಲ್ಲರೂ ಕೇಳಿ ಪಡೆದರು.

ದಿಬ್ಬಣ ಬಂತು. ಬೀಗರು ಪುಟ್ಟರಾಜು ನಾಗಮಂಗಲದ ಹೆಸರುವಾಸಿ ಬಡಗಿ, ದೊಡ್ಡ ಮೀಸೆಯ ಗಂಭೀರ ಮನುಷ್ಯ. ಅವರು ಬಾಗಿಲಲ್ಲಿ ಮಾತಿನ ಭರದಲ್ಲಿ ಬೆಂಡಿನ ತಟ್ಟೆ ನೋಡದೆ ಒಳಗೆ ಬಂದರು. ಕೃಷ್ಣಾಚಾರಿ ಕೈಹಿಡಿದು ಅವರನ್ನೂ ಬೀಗಿತ್ತಿಯನ್ನೂ ಮುಂದಿನ ಸೋಫಾಕ್ಕೆ ಕರೆದೊಯ್ದ. ಬೀಗಿತ್ತಿಯ ತೊಡೆಯ ಮೇಲೆ ಅವರ ಮಗಳ ಎಂಟು ತಿಂಗಳ ಕೂಸು ಚಿನ್ನು ಇತ್ತು. ಕೃಷ್ಣಾಚಾರಿ ಪಕ್ಕದ ಸೋಫಾದಲ್ಲಿ ಕೂತು, ಕರವಸ್ತ್ರದಿಂದ ಮುಖ ಒರೆಸುವ ನೆಪದಲ್ಲಿ ಕಳ್ಳತನದಿಂದ ಬೆಂಡು ಹಾಕಿಕೊಂಡ.

ಡಿ.ಜೆ. ಶುರುವಾಯಿತು.

ಮೊದಲ ಏಟಿಗೇ ಕೂಸು ಬೆಚ್ಚಿ ಬಿದ್ದಿತು. ಎರಡೂ ಪುಟ್ಟ ಕೈಗಳನ್ನು ಗಾಳಿಯಲ್ಲಿ ಚಾಚಿ, ಬಾಯಿ ಅಗಲಿಸಿ ಅಳತೊಡಗಿತು. ಬಾಯಿ ಕಾಣುತ್ತಿತ್ತು, ಅಳು ಮಾತ್ರ ಯಾರಿಗೂ ಕೇಳುತ್ತಿರಲಿಲ್ಲ. ಬೀಗಿತ್ತಿ ಅದರ ತಲೆಯನ್ನು ಎದೆಗೆ ಒತ್ತಿಕೊಂಡು ಗಂಡನ ಕಡೆ ನೋಡಿದರು. ಪುಟ್ಟರಾಜು ಎದುರಿಗೆ ನೋಡುತ್ತಾ ನೆಟ್ಟಗೆ ಕೂತಿದ್ದರು. ಮೀಸೆ ಅದುರುತ್ತಿತ್ತು. ಅವರು ಏಳುವಂತಿಲ್ಲ, ಹೆಣ್ಣಿನ ಕಡೆಯವರು ಕೊಟ್ಟ ಮರ್ಯಾದೆ.

ಕೃಷ್ಣಾಚಾರಿ ಕೂಸನ್ನೇ ನೋಡಿದ. ತನ್ನ ಕಿವಿಯಲ್ಲಿ ಬೆಂಡಿದೆ. ಆ ಕೂಸಿಗೆ ಬೆಂಡು ಹಾಕುವಂತಿಲ್ಲ, ಎದ್ದು ಹೋಗಲು ಅದಕ್ಕೆ ಕಾಲು ಬಂದಿಲ್ಲ, ಸಾಕು ಎನ್ನಲು ಮಾತು ಬಂದಿಲ್ಲ. ಅದರ ಕಿವಿಯ ಪೈರು ಈಗಷ್ಟೇ ಮೊಳೆತದ್ದು. ಅದನ್ನು ಕೈಹಿಡಿದು ಕರೆತಂದು ತುಳಿಸುತ್ತಿರುವವನು ತಾನೇ.

ಅವನು ಎದ್ದ. ಬೀಗರ ಮುಂದೆ ನಿಂತು ಕೈಮುಗಿದು, ಏಳಿ ಎಂದು ಸನ್ನೆ ಮಾಡಿದ. ಪುಟ್ಟರಾಜು ಗಾಬರಿಯಿಂದ ಎದ್ದರು. ಬೀಗಿತ್ತಿಯೂ ಎದ್ದರು. ಕೃಷ್ಣಾಚಾರಿ ಬಗ್ಗಿ ಸೋಫಾದ ಎರಡು ತೋಳು ಹಿಡಿದ. ಟ್ರಾಕ್ಟರ್ ಚಕ್ರ ಎತ್ತಿ ಪಳಗಿದ ಕೈ. ಹಾಲಿನ ನಡುವಿನ ದಾರಿಯಲ್ಲಿ ಸೋಫಾವನ್ನು ದರದರ ಎಳೆದುಕೊಂಡು ಹಿಂದಕ್ಕೆ ಹೊರಟ. ಕುರ್ಚಿಗಳು ಚದುರಿದವು. ಜನ ಎದ್ದು ನಿಂತು ನೋಡಿದರು. ಹೆಣ್ಣಿನ ಅಪ್ಪನಿಗೆ ಏನಾಯಿತು, ಬೀಗರ ಜೊತೆ ಜಗಳವಾಯಿತೇ ಎಂದು ಕಣ್ಣು ಬಿಟ್ಟರು. ನಾಗಲಕ್ಷ್ಮಮ್ಮ ಬಾಯಿಗೆ ಸೆರಗಿಟ್ಟುಕೊಂಡಳು. ಡಿ.ಜೆ. ಹುಡುಗನೂ ಹೆದರಿ ಹಾಡು ನಿಲ್ಲಿಸಿಬಿಟ್ಟ.

ಹಾಲೆಲ್ಲ ನಿಶ್ಶಬ್ದ. ಮಧ್ಯದಲ್ಲಿ ಸೋಫಾ, ಅದರ ಪಕ್ಕ ಏದುಸಿರು ಬಿಡುತ್ತಾ ಕೃಷ್ಣಾಚಾರಿ. ಈಗ ಕೂಸಿನ ಅಳು ಎಲ್ಲರಿಗೂ ಕೇಳಿತು.

"ಬೀಗ್ರೇ, ತಪ್ಪು ತಿಳ್ಕಬೇಡಿ" ಎಂದ. "ಮುಂದೆ ಕೂರ್ಸದೇ ಮರ್ಯಾದೆ ಅನ್ಕಂಡಿದ್ದೆ. ನಮ್ ತಂಗಿನೂ ಅಂಗೇ ಅನ್ಕಂಡು ನನ್ನ ಮುಂದೆ ಕೂರ್ಸುದ್ಲು. ನಂಗೆ ಕಿವಿ ಸ್ವಲ್ಪ ಒಂಟೋಯ್ತು. ಮಂಡ್ಯದಲ್ಲಿ ಪರೀಕ್ಷೆ ಮಾಡ್ಸೀವ್ನಿ. ಓದ ಕಿವಿ ವಾಪಸ್ ಬರಾಕಿಲ್ವಂತೆ. ಇವತ್ತು ನಾಚ್ಕಂಡು ಕದ್ದು ಬೆಂಡು ಆಕ್ಕಂಡಿವ್ನಿ." ಒಂದನ್ನು ಕಿವಿಯಿಂದ ತೆಗೆದು ಅಂಗೈಯಲ್ಲಿ ತೋರಿಸಿದ. "ಮೊಮ್ಮಗಿಗೆ ಇದ್ನೂ ಆಕಂಗಿಲ್ಲ. ನೀವು ಇಲ್ಲಿ ಕೂತ್ಕಳಿ. ಕಮ್ಮಿಯಾದ ಮರ್ಯಾದೆನ ನಾನು ಬೇರೆ ಎಂಗಾದ್ರೂ ತುಂಬ್ಕೊಡ್ತೀನಿ."

ಪುಟ್ಟರಾಜು ಅವನನ್ನು ನೋಡಿದರು, ಸೋಫಾ ನೋಡಿದರು. ಬಂದು ಅದರ ಮೇಲೆ ಧೊಪ್ಪನೆ ಕೂತು ದೊಡ್ಡದಾಗಿ ಉಸಿರು ಬಿಟ್ಟರು.

"ಬೀಗ್ರೇ, ನಿಜ ಹೇಳ್ಲಾ? ಇಪ್ಪತ್ತು ವರ್ಷದಿಂದ ಮದ್ವೆ ಮದ್ವೇಲೂ ಮುಂದುಗಡೆ ಕೂತ್ಕಂಡು ಸಾಯ್ತಾ ಇವ್ನಿ. ಎದ್ರೆ ಕರ್ದೋರು ಬೇಜಾರ್ ಮಾಡ್ಕತಾರೆ ಅಂತ ಕೂತಿರೋನು. ನೀವು ಹಿಂದೆ ಕೂರ್ಸೋಕೆ ಹೆದರ್ಕಂಡ್ರಿ, ನಾನು ಏಳೋಕೆ ಹೆದರ್ಕಂಡೆ. ತಗಳಿ, ಆ ಬೆಂಡು ನಂಗೂ ಒಂದು ಜೊತೆ ಕೊಡ್ಸಿ."

ಮೊದಲು ಬೀಗಿತ್ತಿ ನಕ್ಕರು. ಆಮೇಲೆ ಹಾಲೆಲ್ಲ ನಕ್ಕಿತು. ರಂಜಿತ ತಟ್ಟೆ ಹಿಡಿದು ಓಡಿಬಂದಳು. ಬೀಗಿತ್ತಿ ಕೂಸನ್ನು ಎತ್ತಿಕೊಂಡು ಊಟದ ಮನೆಯ ಕಡೆ ಹೋದರು. ಸದ್ದು ಕಡಿಮೆಯಿದ್ದ ಅಲ್ಲಿ ಅದು ಹಾಲು ಕುಡಿದು ಮಲಗಿತು. ಮದುವೆ ಗಂಡು ಶಿವು ಸ್ಟೇಜಿನಿಂದಿಳಿದು ಬಂದು ಡಿ.ಜೆ. ಹುಡುಗನಿಗೆ, "ಅರ್ಧಕ್ಕಿಳ್ಸು ಮಾರಾಯ. ಬಾಕ್ಸು ಗೋಡೆ ಕಡೆ ತಿರುಗ್ಸು, ಜನ ಕೂತಿರೋ ಕಡೆ ಬೇಡ" ಎಂದ. ಮತ್ತೆ ಹಾಡು ಶುರುವಾದಾಗ ಎದೆ ಗುದ್ದುವುದು ನಿಂತಿತ್ತು, ಹಾಡಿನ ಮಾತು ಕೇಳತೊಡಗಿತ್ತು. ಬೆಂಡು ಹಾಕಿಕೊಂಡ ಹುಡುಗರು ಕುಣಿದದ್ದೇ ಕುಣಿದದ್ದು. ಸ್ವಲ್ಪ ಹೊತ್ತಿನಲ್ಲಿ ಪುಟ್ಟರಾಜು ಕೂಡ ಎದ್ದು ಮೀಸೆ ತಿರುವಿ ನಾಲ್ಕು ಹೆಜ್ಜೆ ಹಾಕಿದರು. ಕೃಷ್ಣಾಚಾರಿ ಆಗಾಗ ಎದ್ದು ಹೊರಗೆ ಹೋಗಿ ಹತ್ತು ನಿಮಿಷ ಕಿವಿಗೆ ಬಿಡುವು ಕೊಟ್ಟು ಬಂದ. ಯಾರೂ ಏನೂ ಅಂದುಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಎದ್ದಾಗ ಅವನ ಕಿವಿಯಲ್ಲಿ ಗುಂಯ್ ಇರಲಿಲ್ಲ. ಧಾರೆ ಮುಗಿಯಿತು, ಊಟ ಮುಗಿಯಿತು. ಮಧ್ಯಾಹ್ನ ಹೆಣ್ಣು ಒಪ್ಪಿಸುವ ಶಾಸ್ತ್ರ. ಮಗಳ ಕೈಯನ್ನು ಹಾಲಿನಲ್ಲಿ ಅದ್ದಿ ಬೀಗರ ಕೈಮೇಲೆ ಇಡುವಾಗ ನಾಗಲಕ್ಷ್ಮಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಸುತ್ತ ಹೆಂಗಸರು ಸಮಾಧಾನ ಹೇಳುತ್ತಿದ್ದರು, ಹೊರಗೆ ವ್ಯಾನಿನ ಡ್ರೈವರ್ ಹಾರನ್ ಹೊಡೆಯುತ್ತಿದ್ದ. ಆ ಗಲಾಟೆಯಲ್ಲಿ ಹರ್ಷಿತ ಅಪ್ಪನ ಕಾಲಿಗೆ ಬಿದ್ದು ಎದ್ದು, ಅವನ ಹೆಗಲಿಗೆ ಮುಖ ಒತ್ತಿ, ಅಮ್ಮನಿಗೆ ಕೇಳಿಸಬಾರದೆಂದು ಉಸಿರಿನಷ್ಟು ಮೆಲ್ಲಗೆ ಹೇಳಿದಳು.

"ಅಪ್ಪ, ಸಂಜೆ ಹೊತ್ತು ಗ್ಯಾರೇಜು ಬೇಗ ಮುಚ್ಚಿ ಮನೆಗೆ ಬಾ. ನಾನಿಲ್ದೆ ಅಮ್ಮ ಒಬ್ಳೇ ಕೂತಿರ್ತಾಳೆ. ಅವ್ಳು ಕೇಳಲ್ಲ, ನೀನೇ ತಿಳ್ಕಂಡು ಬಾ."

ಕೃಷ್ಣಾಚಾರಿಗೆ ಒಂದೊಂದು ಅಕ್ಷರವೂ ಕೇಳಿತು. ಮಗಳ ತಲೆ ಸವರಿ "ಆಗ್ಲಿ ಕಣವ್ವ" ಎಂದ. ಇಷ್ಟು ಮೆಲ್ಲಗೆ ಹೇಳಿದ ಮಾತು ತನ್ನ ಕಿವಿಗೆ ಬಿದ್ದಿತಲ್ಲ ಎಂಬುದಕ್ಕೇ ಅವನ ಕಣ್ಣು ತುಂಬಿತು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಗೂ ಒಂದು ಮದುವೆಯ ಕಾಗದ ಬಂದಿರುತ್ತದೆ. ಖಂಡಿತ ಹೋಗಿ, ಉಣ್ಣಿ, ಕುಣಿಯಿರಿ. ಡಿ.ಜೆ. ಬೇಡವೆಂದು ನಾವು ಹೇಳುತ್ತಿಲ್ಲ. ಹೋಗುವಾಗ ಜೇಬಿನಲ್ಲಿ, ಬ್ಯಾಗಿನಲ್ಲಿ ಒಂದು ಜೊತೆ ಕಿವಿಬೆಂಡು ಇಟ್ಟುಕೊಳ್ಳಿ ಅಷ್ಟೇ. ಒಂದು ತೋಳಿನಷ್ಟು ದೂರ ನಿಂತವರ ಜೊತೆ ಕೂಗಿ ಮಾತಾಡಬೇಕಾಯಿತು ಎಂದರೆ ಆ ಸದ್ದು ಕಿವಿಗೆ ಹೆಚ್ಚಾಯಿತು ಎಂದೇ ಲೆಕ್ಕ. ಬೆಂಡು ಹಾಕಿಕೊಳ್ಳಿ, ಬಾಕ್ಸಿನಿಂದ ದೂರ ಸರಿಯಿರಿ, ನಡುನಡುವೆ ಹೊರಗೆ ಹೋಗಿ ಬನ್ನಿ. ಕೂಸುಗಳನ್ನು ಸದ್ದಿನ ಹತ್ತಿರ ಒಯ್ಯಲೇಬೇಡಿ. ಕಿವಿ ಗುಂಯ್ ಎನ್ನುವುದು ಒಂದು ದಿನಕ್ಕೆ ನಿಲ್ಲದಿದ್ದರೆ ಎಣ್ಣೆ ಬಿಡದೆ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಕಿವಿ ಕೇಳದಂತಾದರೆ ಅದೇ ದಿನ ಹೋಗಿ.

ನಿಮ್ಮ ಮನೆಯ ಮದುವೆಯಾದರೆ ಸೋಫಾ ಹಾಕಿಸುವ ಮುಂಚೆ ಬಾಕ್ಸು ಎಲ್ಲಿದೆ ಎಂದು ಒಂದು ಸಲ ನೋಡಿ. ಬಂದವರು ಬಾಯಿ ಬಿಟ್ಟು ಹೇಳುವುದಿಲ್ಲ, ನೀವೇ ತಿಳಿದುಕೊಂಡು ಅವರನ್ನು ಹಿಂದಕ್ಕೆ ಕೂರಿಸಿ. ನಮ್ಮನ್ನು ಬಹಳ ಪ್ರೀತಿಸುವವರು ನಮ್ಮೊಡನೆ ಬಹಳ ಮೆಲ್ಲಗೆ ಮಾತಾಡುತ್ತಾರೆ. ಆ ಮಾತು ಕೇಳಿಸುವಷ್ಟು ಕಿವಿಯನ್ನು ಉಳಿಸಿಕೊಳ್ಳಿ.